ಹೊರದೇಶದ ಬಾಸ್, ಇಲ್ಲಿನ ಮ್ಯಾನೇಜರ್: ಬೆಂಗಳೂರಿನ ವಿದೇಶಿ ಕಂಪನಿಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ, ಬಿಡದಿ, ನರಸಾಪುರ, ಎಲ್ಲಿ ನೋಡಿದರೂ ವಿದೇಶಿ ಒಡೆತನದ ಕಂಪನಿಗಳಲ್ಲಿ ಕೆಲಸ ಮಾಡುವವರು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಕೇಳಿದವರ ಮಾತಿನಲ್ಲೇ ಅವನ್ನು ಇಟ್ಟಿದ್ದೇವೆ. ವೀಸಾ, ತೆರಿಗೆ, ಪಿಎಫ್ ನಿಯಮಗಳು ಆಗಾಗ ಬದಲಾಗುತ್ತವೆ, ಆದ್ದರಿಂದ ಸಹಿ ಹಾಕುವ ಮುನ್ನ ಆ ದಿನದ ನಿಯಮ ನೋಡಿಕೊಳ್ಳಿ.

## ಮೊದಲಿಗೆ

"ಎಕ್ಸ್‌ಪ್ಯಾಟ್ ಅಂದ್ರೆ ಯಾರು? ಆಫೀಸಲ್ಲಿರೋ ಫಾರಿನರ್ಸ್ ಎಲ್ಲಾ ಎಕ್ಸ್‌ಪ್ಯಾಟೇನಾ?"

ಅಲ್ಲ. ಪಾಸ್‌ಪೋರ್ಟ್ ನೋಡಬೇಡಿ, ಕರಾರು ನೋಡಿ. ಮಾತೃಸಂಸ್ಥೆಯ ನೌಕರನಾಗಿಯೇ ಉಳಿದು, ಸಾಮಾನ್ಯವಾಗಿ ಎರಡು ಮೂರು ವರ್ಷದ ಅವಧಿಗೆ ಇಲ್ಲಿಗೆ ಬಂದು, ಮುಗಿದ ಮೇಲೆ ವಾಪಸ್ ಹೋಗುವವರು ಎಕ್ಸ್‌ಪ್ಯಾಟ್. ಇಲ್ಲೇ ಅರ್ಜಿ ಹಾಕಿ, ಇಲ್ಲಿನ ಸಂಬಳಕ್ಕೆ ಸೇರಿಕೊಂಡ ಫ್ರೆಂಚ್ ಇಂಜಿನಿಯರ್ ಎಕ್ಸ್‌ಪ್ಯಾಟ್ ಅಲ್ಲ. ಜಯನಗರದಲ್ಲಿ ಹುಟ್ಟಿ, ಅಮೆರಿಕದ ಪ್ರಜೆಯಾಗಿ, ಅಲ್ಲಿನ ಷರತ್ತುಗಳ ಮೇಲೆ ವಾಪಸ್ ಬಂದ ಓಸಿಐ ಕಾರ್ಡಿನವರು (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಎಕ್ಸ್‌ಪ್ಯಾಟ್ ಆಗಬಹುದು. ಕೆಲಸಕ್ಕೆ ಅವರಿಗೆ ಎಂಪ್ಲಾಯ್‌ಮೆಂಟ್ ವೀಸಾ ಮಾತ್ರ ಬೇಕಿಲ್ಲ.

'ಲೋಕಲ್' ಪದದಲ್ಲಿ ಇನ್ನೊಂದು ತೊಡಕಿದೆ. ಹೆಡ್ ಆಫೀಸಿನ ಕಡತದಲ್ಲಿ ಲೋಕಲ್ ಅಂದರೆ ಭಾರತೀಯ. ಬಿಡದಿಯ ಶಾಪ್ ಫ್ಲೋರಿನಲ್ಲಿ ಲೋಕಲ್ ಅಂದರೆ ಕನ್ನಡಿಗ, ಕೆಲವೊಮ್ಮೆ ರಾಮನಗರದ ಕಡೆಯವನು. "ನಮ್ಮಲ್ಲಿ ಮ್ಯಾನೇಜರ್‌ಗಳೆಲ್ಲ ಲೋಕಲ್" ಎಂದು ಹೊರಗಿನ ಬಾಸ್ ಹೆಮ್ಮೆಯಿಂದ ಹೇಳಿದಾಗ ಕೆಳಗೆ ಕೂತವರ ಮುಖ ಬಾಡುವುದಕ್ಕೆ ಕಾರಣ ಇದೇ. ಮಾತಾಡುವಾಗ ಯಾವ ಲೋಕಲ್ ಎಂದು ಬಿಡಿಸಿ ಹೇಳಿ.

"ಇಲ್ಲೇ ಇಷ್ಟೊಂದು ಜನ ಇರುವಾಗ ಅಲ್ಲಿಂದ ಯಾಕೆ ಕಳಿಸ್ತಾರೆ?"

ಕಾರಣ ಮೂರು. ಇಲ್ಲಿ ಇನ್ನೂ ಇಲ್ಲದ ಕೌಶಲ ತರಲು, ಮುಂದೆ ದೊಡ್ಡ ಹುದ್ದೆಗೆ ಏರುವವರನ್ನು ಪಳಗಿಸಲು, ಹಣ ಮತ್ತು ಗುಣಮಟ್ಟದ ಮೇಲೆ ಹೆಡ್ ಆಫೀಸಿನ ಕಣ್ಣು ಇಡಲು. ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಇಲ್ಲಿ ಬಾಗಿಲು ತೆರೆದಾಗ ಮೊದಲ ಕಾರಣಕ್ಕೆ ಅರ್ಥವಿತ್ತು. ಇವತ್ತು ಸಾಫ್ಟ್‌ವೇರ್ ಮತ್ತು ಚಿಪ್ ವಿನ್ಯಾಸದಲ್ಲಿ ಆ ಕಾರಣ ಹೆಚ್ಚುಕಡಿಮೆ ಮುಗಿದಿದೆ. ಹೊಸ ಕಾರ್ಖಾನೆಯ ಲೈನ್ ಹಾಕುವಾಗ ಮಾತ್ರ ಇನ್ನೂ ನಿಜ.

ನಿಮ್ಮಲ್ಲಿಗೆ ಬಂದವರು ಯಾವ ಕಾರಣಕ್ಕೆ ಬಂದಿದ್ದಾರೆ ಎಂದು ತಿಳಿಯಲು ಮೊದಲ ತಿಂಗಳಲ್ಲೇ ಕೇಳಿ: "ನೀವು ಹೊರಡುವ ದಿನ ಇಲ್ಲಿ ಏನು ಬದಲಾಗಿರಬೇಕು?" ಕೌಶಲಕ್ಕೆ ಬಂದವರು ಲೈನ್, ಇಳುವರಿ, ತರಬೇತಾದ ಜನರ ಸಂಖ್ಯೆ ಹೇಳುತ್ತಾರೆ. ಕಣ್ಣಿಡಲು ಬಂದವರು ರಿಪೋರ್ಟು, ನಿಯಂತ್ರಣ, ಶಿಸ್ತು ಅನ್ನುತ್ತಾರೆ. ಪಳಗಲು ಬಂದವರು ತಮ್ಮ ಮುಂದಿನ ಹುದ್ದೆಯ ಬಗ್ಗೆ ಮಾತಾಡುತ್ತಾರೆ. ಮೂವರ ಜತೆಗೂ ಒಂದೇ ರೀತಿ ಕೆಲಸ ಮಾಡಲಾಗದು.

"ಮ್ಯಾನೇಜರ್ ಹುದ್ದೆಗಳಲ್ಲಿ ಸ್ಥಳೀಯರಿಗೆ ಇಷ್ಟು ಪರ್ಸೆಂಟ್ ಅಂತ ಕಾನೂನು ಬಂತಲ್ವಾ?"

ಮಸೂದೆ ಬಂದಿತ್ತು, ಕಾನೂನಾಗಲಿಲ್ಲ. 2024ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿದ್ದ ಮಸೂದೆಯಲ್ಲಿ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ ಎಂದಿತ್ತು. ಉದ್ಯಮಗಳ ವಿರೋಧದಿಂದ ಕೆಲವೇ ದಿನಗಳಲ್ಲಿ ತಡೆಹಿಡಿದರು. ಕಂಪನಿ ಕಾನೂನಿನಲ್ಲಿ ಬೇರೊಂದು ನಿಯಮವಿದೆ: ಪ್ರತಿ ಕಂಪನಿಗೂ ಆ ಹಣಕಾಸು ವರ್ಷದಲ್ಲಿ ಕನಿಷ್ಠ 182 ದಿನ ಭಾರತದಲ್ಲಿದ್ದ ಒಬ್ಬ ನಿರ್ದೇಶಕರು ಇರಲೇಬೇಕು. ಅವರು ಭಾರತೀಯರೇ ಆಗಬೇಕೆಂದಿಲ್ಲ.

## ದಿನದ ಕೆಲಸ

"ಬಾಸ್ ಜರ್ಮನ್. 'ಎಲ್ಲಕ್ಕೂ ಯೆಸ್ ಅಂತೀರಿ, ಆಮೇಲೆ ಆಗಿರಲ್ಲ' ಅಂತ ಬೈತಾರೆ. ತಪ್ಪು ಯಾರದು?"

ನಮಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ತಪ್ಪು ಯಾರದೂ ಅಲ್ಲ ಎಂದು ತೇಲಿಸಿಬಿಡುವುದು ಸುಲಭ, ಆದರೆ ಅದರಿಂದ ಕೆಲಸ ಆಗುವುದಿಲ್ಲ.

ನಾವು ಇಂಗ್ಲಿಷಿನಲ್ಲಿ ಮಾತಾಡುವಾಗಲೂ ಒಳಗೆ ಓಡುವುದು ಕನ್ನಡ. "ಆಗುತ್ತೆ ಸರ್" ಅಂದರೆ ಆಗಲು ಸಾಧ್ಯವಿದೆ ಎಂದಷ್ಟೇ, ಯಾವತ್ತು ಎಂದು ಅದರಲ್ಲಿಲ್ಲ. "ನೋಡೋಣ" ಅಂದರೆ ಬಹುಪಾಲು ಆಗುವುದಿಲ್ಲ. "ಟ್ರೈ ಮಾಡ್ತೀನಿ" ಅಂದರೆ ನನಗೇ ಅನುಮಾನ. "ಆಲ್ಮೋಸ್ಟ್ ಆಗಿದೆ" ಅಂದರೆ ಮಾಡುವುದು ಮುಗಿದಿದೆ, ಪರೀಕ್ಷಿಸುವುದು ಮುಗಿದಿಲ್ಲ. ನಮ್ಮಲ್ಲಿ ಕೇಳುವವರು ದನಿಯ ಏರಿಳಿತದಲ್ಲಿ ಇದನ್ನು ಹಿಡಿಯುತ್ತಾರೆ. ಹೊರಗಿನವರಿಗೆ ದನಿ ದಕ್ಕುವುದಿಲ್ಲ, ಪದ ಮಾತ್ರ ದಕ್ಕುತ್ತದೆ. ಅದರ ಮೇಲೆ ತಲೆಯಾಡಿಸುವುದು ಬೇರೆ: ನಾವು "ಕೇಳಿಸಿಕೊಂಡೆ" ಎಂದು ಆಡಿಸಿದ್ದನ್ನು ಅವರು "ಒಪ್ಪಿಕೊಂಡರು" ಎಂದು ಬರೆದುಕೊಳ್ಳುತ್ತಾರೆ.

ಸರಿಪಡಿಸುವ ದಾರಿ ಹೀಗೆ. "ಶುಕ್ರವಾರಕ್ಕೆ ಕೊಡಬಹುದಾ?" ಎಂದು ಕೇಳಿದರೆ ಹೌದು ಅಥವಾ ಇಲ್ಲ ಅನ್ನಬೇಡಿ. "ಕೋಡ್ ಶುಕ್ರವಾರ 4 ಗಂಟೆಗೆ ಸಿಗುತ್ತೆ. ಪರೀಕ್ಷೆ ಮುಗಿಯೋದು ಮಂಗಳವಾರ. ಟೆಸ್ಟ್ ರಿಗ್ ಪುಣೆಯವರ ಹತ್ತಿರ ಇದೆ, ಗುರುವಾರದೊಳಗೆ ಬರದಿದ್ರೆ ಅವತ್ತು ಸಂಜೆಯೇ ಹೇಳ್ತೀನಿ." ಏನು ಯಾವಾಗ, ಅಡ್ಡ ಏನಿದೆ, ಮತ್ತೆ ಯಾವಾಗ ಹೇಳುತ್ತೇನೆ, ಇವು ಮೂರೂ ಅದರಲ್ಲಿವೆ. ಮೀಟಿಂಗ್ ಮುಗಿದ ಒಂದು ಗಂಟೆಯೊಳಗೆ ಇದೇ ಮೂರು ಸಾಲು ಮೇಲ್ ಹೋಗಲಿ.

ಬಾಸ್ ಕಡೆಯವರೂ ಬದಲಾಗಬೇಕು. ಹೌದು-ಇಲ್ಲ ಎಂಬ ಉತ್ತರ ಬರುವ ಪ್ರಶ್ನೆ ಕೇಳುವುದನ್ನು ಬಿಟ್ಟು, "ಇದರಲ್ಲಿ ಯಾವ ಭಾಗ ನಿಮಗೆ ಚಿಂತೆ?" ಎಂದು ಕೇಳಲಿ. ಹತ್ತು ಜನರ ಎದುರಿಗಲ್ಲ, ಒಬ್ಬೊಬ್ಬರನ್ನೇ ಕೇಳಲಿ. ಹಿರಿಯರ ಎದುರು ಕಿರಿಯ ಇಂಜಿನಿಯರ್ "ಆಗಲ್ಲ" ಅನ್ನುವುದನ್ನು ಕಾಯುತ್ತಾ ಕೂತರೆ ಗಡುವು ಮುಗಿದುಹೋಗುತ್ತದೆ.

"ಜಪಾನಿನ ಬಾಸ್ ಮೀಟಿಂಗಲ್ಲಿ ಏನೂ ಹೇಳಲ್ಲ. ನಾಳೆ ನೋಡಿದ್ರೆ ಎಲ್ಲಾ ತೀರ್ಮಾನ ಆಗಿರುತ್ತೆ. ಇದು ಹೇಗೆ?"

ಜಪಾನಿ ಕಂಪನಿಯಲ್ಲಿ ಮೀಟಿಂಗ್ ತೀರ್ಮಾನ ಮಾಡುವ ಜಾಗವಲ್ಲ, ಆಗಿರುವ ತೀರ್ಮಾನವನ್ನು ಎಲ್ಲರೆದುರು ಒಪ್ಪುವ ಜಾಗ. ಅದಕ್ಕೂ ಮುಂಚೆ ಒಬ್ಬೊಬ್ಬರನ್ನೇ ಕಂಡು ಒಪ್ಪಿಗೆ ಪಡೆಯುವ ಕೆಲಸಕ್ಕೆ 'ನೆಮವಾಶಿ' ಅನ್ನುತ್ತಾರೆ. ಗಿಡ ಕೀಳುವ ಮೊದಲು ಬೇರಿನ ಸುತ್ತ ಅಗೆಯುವುದು ಎಂದು ಆ ಪದದ ಮೂಲ ಅರ್ಥ. ನಿಮ್ಮ ಪ್ರಸ್ತಾವವನ್ನು ಒಂದೇ ಹಾಳೆಯಲ್ಲಿ ಬರೆದು, ಮೀಟಿಂಗಿಗೆ ಒಂದು ವಾರ ಮೊದಲೇ ಸಂಬಂಧಪಟ್ಟವರ ಮೇಜಿಗೆ ಹೋಗಿ. ಅಂಥ ಕಂಪನಿಗಳಲ್ಲಿ ಇಲ್ಲಿನ ವಿಭಾಗ ಮುಖ್ಯಸ್ಥರ ಪಕ್ಕದಲ್ಲಿ 'ಕೋಆರ್ಡಿನೇಟರ್' ಅಥವಾ 'ಅಡ್ವೈಸರ್' ಎಂಬ ಹೆಸರಿನ ಜಪಾನಿ ಅಧಿಕಾರಿ ಇರುವುದುಂಟು. ಪಟ್ಟಿಯಲ್ಲಿ ಅವರ ಕೆಳಗೆ ಯಾರೂ ಇಲ್ಲದಿದ್ದರೂ ಹೆಡ್ ಆಫೀಸಿಗೆ ಸುದ್ದಿ ಹೋಗುವುದು ಅವರ ಮೂಲಕ. ಮೊದಲು ಅವರ ಹತ್ತಿರ ಹೋಗಿ.

"ಸುದ್ದಿ ಕೆಟ್ಟದಿದ್ರೆ ಮೇಲಕ್ಕೆ ಹೇಗೆ ತಲುಪಿಸೋದು? ಹೇಳಿದವನೇ ಕೆಟ್ಟವನಾಗ್ತಾನೆ"

2020ರ ಡಿಸೆಂಬರ್ 12ರಂದು ನರಸಾಪುರದ ಫೋನ್ ಕಾರ್ಖಾನೆಯೊಂದರಲ್ಲಿ ಕಾರ್ಮಿಕರ ಸಿಟ್ಟು ಸ್ಫೋಟಿಸಿತು. ತನಿಖೆಯಲ್ಲಿ ಹೊರಬಂದದ್ದು ಒಂದೇ ದಿನದಲ್ಲಿ ಹುಟ್ಟುವ ಸಂಗತಿಗಳಲ್ಲ: ಪಾಳಿ 8 ಗಂಟೆಯಿಂದ 12 ಗಂಟೆಗೆ ಏರಿತ್ತು, ಹಾಜರಾತಿ ಯಂತ್ರದ ಲೆಕ್ಕ ಸರಿಯಿರಲಿಲ್ಲ, ಸಂಬಳ ಕಡಿಮೆ ಬಂದಿತ್ತು. ಪ್ರತಿ ಸಂಬಳದ ದಿನವೂ ಇಂಥ ದೂರು ಯಾರದೋ ಮೇಜಿನ ಮೇಲೆ ಬಿದ್ದಿರುತ್ತದೆ.

ದೂರನ್ನು ಭಾವನೆಯಾಗಿ ಕಳಿಸಬೇಡಿ, ಸಂಖ್ಯೆಯಾಗಿ ಕಳಿಸಿ. "ಜನ ಬೇಜಾರಾಗಿದ್ದಾರೆ" ಎಂಬ ಸಾಲು ಹೆಡ್ ಆಫೀಸಿನಲ್ಲಿ ಯಾರನ್ನೂ ಎಬ್ಬಿಸುವುದಿಲ್ಲ. "ಈ ತಿಂಗಳು ಇಷ್ಟು ಜನರ ಓವರ್‌ಟೈಮ್ ಲೆಕ್ಕ ತಪ್ಪಿದೆ, ಇಷ್ಟು ರೂಪಾಯಿ ಬಾಕಿ, 10ನೇ ತಾರೀಖಿನೊಳಗೆ ಕೊಡದಿದ್ದರೆ ಎರಡನೇ ಪಾಳಿ ನಿಲ್ಲಬಹುದು" ಎಂದು ಬರೆದರೆ ಎದ್ದು ಕೂರುತ್ತಾರೆ. ಗುತ್ತಿಗೆ ಕಾರ್ಮಿಕರ ಲೆಕ್ಕವೂ ಅದರಲ್ಲಿರಲಿ. ಅವರನ್ನು ಏಜೆನ್ಸಿಯವರು ನೋಡಿಕೊಳ್ಳುತ್ತಾರೆ ಎಂದು ಎಕ್ಸ್‌ಪ್ಯಾಟ್ ನಂಬಿರುತ್ತಾರೆ. ಆ ನಂಬಿಕೆ ಬಿಡಿಸುವುದು ಇಲ್ಲಿನ ಮ್ಯಾನೇಜರನ ಕೆಲಸ.

"ರಾತ್ರಿ ಕಾಲ್‌ಗಳಿಗೆ ಕೊನೆಯೇ ಇಲ್ವಾ?"

ಯುರೋಪಾದರೆ ರಾತ್ರಿ ಬೇಕೇ ಇಲ್ಲ: ಇಲ್ಲಿ ಮಧ್ಯಾಹ್ನ 2 ಎಂದರೆ ಜರ್ಮನಿಯಲ್ಲಿ ಬೇಸಿಗೆಗೆ ಬೆಳಗ್ಗೆ 10.30, ಚಳಿಗಾಲಕ್ಕೆ 9.30. ಕ್ಯಾಲಿಫೋರ್ನಿಯಾ ಕಷ್ಟ, ವ್ಯತ್ಯಾಸ ಹನ್ನೆರಡೂವರೆ ಅಥವಾ ಹದಿಮೂರೂವರೆ ಗಂಟೆ. ಒಂದು ವಾರ ನಮ್ಮ ರಾತ್ರಿ, ಒಂದು ವಾರ ಅವರ ರಾತ್ರಿ ಎಂದು ಪಾಳಿ ಕೇಳಿ. ಮಾರ್ಚಿನಲ್ಲೂ ಅಕ್ಟೋಬರ್ ಕೊನೆಯಲ್ಲೂ ಅಮೆರಿಕ ಮತ್ತು ಯುರೋಪ್ ಬೇರೆಬೇರೆ ದಿನ ಗಡಿಯಾರ ತಿರುಗಿಸುತ್ತವೆ. ಆ ವಾರಗಳಲ್ಲಿ ಕಾಲ್ ತಪ್ಪುವುದು ಅದಕ್ಕೇ.

"ಆಯುಧ ಪೂಜೆ ದಿನವೇ ಹೆಡ್ ಆಫೀಸಿನ ಆಡಿಟ್ ಇಟ್ಟಿದ್ದಾರೆ. ಏನು ಹೇಳೋದು?"

ಬೇರೆ ದಿನ ಇಡಿ ಎಂದು ನೇರವಾಗಿ ಹೇಳಿ, ಕಾರಣವನ್ನೂ ವಿವರಿಸಿ. ಯಂತ್ರಗಳನ್ನು ನಿಲ್ಲಿಸಿ, ವರ್ಷದ ಜಿಡ್ಡು ತೆಗೆದು ಒರೆಸಿ ಪೂಜಿಸುವ ದಿನ ಅದು. ಕಾರ್ಮಿಕ ತನ್ನ ಯಂತ್ರವನ್ನು ಮನೆಯವರಿಗೆ ತೋರಿಸುವ ದಿನವೂ ಹೌದು. ಕಡ್ಲೆಪುರಿ, ಸಿಹಿ ಪೊಟ್ಟಣ ಕೈಯಾರೆ ಕೊಡಲು ಪ್ಲಾಂಟ್ ಹೆಡ್ ನಿಂತರೆ ಸಾಕು, ಅದನ್ನು ಜನ ವರ್ಷಗಟ್ಟಲೆ ನೆನೆಯುತ್ತಾರೆ.

ಸುರಕ್ಷತೆಯ ಆಕ್ಷೇಪ ಬಂದೇ ಬರುತ್ತದೆ, ಅದು ನ್ಯಾಯವಾದದ್ದೇ. ಒರೆಸುವ ಮೊದಲು ಮುಖ್ಯ ಸ್ವಿಚ್ ಆಫ್ ಮಾಡಿ ಬೀಗ ಹಾಕಿಸಿ. ಅರಿಶಿನ ಕುಂಕುಮ ಯಂತ್ರದ ಹೊರ ಕವಚಕ್ಕೆ ಸಾಕು. ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಯಂತ್ರದ ಸ್ಲೈಡಿಗೋ ಸ್ಪಿಂಡಲ್ಲಿಗೋ ಹಚ್ಚಿದರೆ ಆ ಪುಡಿ ಎಣ್ಣೆಯಲ್ಲಿ ಬೆರೆತು ಉಜ್ಜುತ್ತದೆ. ಕರ್ಪೂರ, ಊದುಬತ್ತಿ ಪೇಂಟ್ ಶಾಪ್, ಥಿನ್ನರ್ ಇಡುವ ಕೋಣೆ, ಸರ್ವರ್ ಕೋಣೆಯಿಂದ ದೂರ. ಬೂದುಗುಂಬಳವನ್ನು ಗೇಟಿನ ಹೊರಗೆ ರಸ್ತೆಯಲ್ಲಿ ಒಡೆಯಬೇಡಿ, ಬೈಕುಗಳು ಜಾರುತ್ತವೆ. ಒಳಗೆ ಒಂದು ಮೂಲೆಯಲ್ಲಿ ಒಡೆದು ಹತ್ತು ನಿಮಿಷದೊಳಗೆ ಗುಡಿಸಿ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ವಾರ ಮೊದಲೇ ಕೊಟ್ಟರೆ ಆಕ್ಷೇಪ ಉಳಿಯುವುದಿಲ್ಲ.

ಅಂದ ಹಾಗೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಈ ಐದು ರಜೆ ಕರ್ನಾಟಕದಲ್ಲಿ ಕಾನೂನಿನ ರಜೆಗಳು. ಮೊದಲ ನಾಲ್ಕು ಹೆಡ್ ಆಫೀಸಿನ ಕ್ಯಾಲೆಂಡರಿನಲ್ಲಿ ಇದ್ದರೂ ರಾಜ್ಯೋತ್ಸವ ಬಿಟ್ಟುಹೋಗಿರುವುದುಂಟು. ಜನವರಿಯಲ್ಲೇ ಸೇರಿಸಿ.

## ಅಧಿಕಾರ ಮತ್ತು ಹಣ

"ಹೆಸರಿಗೆ ಇಂಡಿಯಾ ಹೆಡ್. ಒಂದು ಲ್ಯಾಪ್‌ಟಾಪ್ ತಗೊಳ್ಳೋಕೂ ಅಲ್ಲಿಂದ ಅಪ್ರೂವಲ್ ಬೇಕು. ಏನ್ ಮಾಡ್ಲಿ?"

ಹುದ್ದೆಯ ಹೆಸರನ್ನು ಪಕ್ಕಕ್ಕಿಟ್ಟು ಆರು ತೀರ್ಮಾನಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ: ಹೊಸಬರನ್ನು ಸೇರಿಸಿಕೊಳ್ಳುವುದು, ಸಂಬಳ ಏರಿಸುವುದು, ವೆಂಡರ್ ಬದಲಿಸುವುದು, ಗ್ರಾಹಕರಿಗೆ ರಿಯಾಯಿತಿ ಕೊಡುವುದು, ಬಜೆಟ್ಟಿನಲ್ಲೇ ಇರುವ ಯಂತ್ರ ಕೊಳ್ಳುವುದು, ಕೆಲಸದಿಂದ ತೆಗೆಯುವುದು. ಪ್ರತಿಯೊಂದರ ಮುಂದೆ ಯಾರು ಸಹಿ ಹಾಕಬೇಕು, ಎಷ್ಟು ರೂಪಾಯಿವರೆಗೆ, ಉತ್ತರ ಎಷ್ಟು ದಿನದಲ್ಲಿ ಬರಬೇಕು ಎಂದು ತುಂಬಿ. ಯೂರೋ, ಡಾಲರಿನಲ್ಲಿದ್ದ ಮಿತಿಯನ್ನು ರೂಪಾಯಿಗೆ ತಂದು ನೋಡಿದಾಗ, ಇಪ್ಪತ್ತು ಜನರ ಆಫೀಸಿಗೆಂದು ಹಿಂದೆಂದೋ ಹಾಕಿದ ಮಿತಿ ಈಗಿನ ಸಾವಿರ ಜನಕ್ಕೂ ನಡೆಯುತ್ತಿರುವುದು ಬಯಲಾಗುತ್ತದೆ.

ಆಮೇಲೆ ಮೂರು ತಿಂಗಳು ಲೆಕ್ಕ ಇಡಿ: ಕೇಳಿದ ದಿನ, ಉತ್ತರ ಬಂದ ದಿನ, ಕೇಳಿದ್ದರಲ್ಲಿ ಏನಾದರೂ ಬದಲಾಯಿತೇ. ಕಳಿಸಿದ 40 ಕೋರಿಕೆಗಳೂ ಬದಲಾಗದೆ ಒಪ್ಪಿಗೆಯಾಗಿ, ಪ್ರತಿಯೊಂದಕ್ಕೂ 11 ದಿನ ಹಿಡಿದಿದೆ ಎಂದು ತೋರಿಸಿದರೆ ಮಿತಿ ಏರಿಸಲು ಬೇರೆ ವಾದ ಬೇಕಿಲ್ಲ. "ನಮ್ಮನ್ನು ನಂಬಿ" ಎಂದು ಕೇಳಿ ಅಧಿಕಾರ ಪಡೆದವರು ವಿರಳ.

ಇಲ್ಲಿ ಬಹಳ ಮಂದಿ ಎಡವುವುದು ಒಂದು ಕಡೆ. ಪಿಡಿಎಫ್ ದಾಖಲೆಯಲ್ಲಿ ಮಿತಿ ಏರುತ್ತದೆ, ಖರೀದಿ, ಲೆಕ್ಕಪತ್ರ ನಡೆಸುವ ಸ್ಯಾಪ್ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಹಳೆಯದೇ ಉಳಿಯುತ್ತದೆ. ಖರೀದಿ ಆದೇಶ ಹಿಂದಿನಂತೆಯೇ ಹೆಡ್ ಆಫೀಸಿರುವ ಸ್ಟುಟ್‌ಗಾರ್ಟಿಗೆ ಹೋಗಿ ಕೂರುತ್ತದೆ. ಒಪ್ಪಿಗೆ ಸಿಕ್ಕ ವಾರವೇ ಸಣ್ಣ ಮೊತ್ತದ ಒಂದು ಆದೇಶ ಹಾಕಿ ಯಾರ ಮೇಜಿಗೆ ಹೋಗುತ್ತದೆ ನೋಡಿ. ಎಕ್ಸ್‌ಪ್ಯಾಟ್ ರಜೆಗೆ ಊರಿಗೆ ಹೋದಾಗ ಅವರ ಸಹಿಯ ಅಧಿಕಾರ ಯಾರಿಗೆ ಎಂಬುದನ್ನೂ ಅದೇ ವ್ಯವಸ್ಥೆಯಲ್ಲಿ ಹಾಕಿಸಿ.

"ಅದೇ ಕೆಲಸಕ್ಕೆ ಅವರ ಪ್ಯಾಕೇಜ್ ನನ್ನದಕ್ಕಿಂತ ಅಷ್ಟು ಜಾಸ್ತಿ ಯಾಕೆ?"

ಕಾಣುವ ಮೊತ್ತವೆಲ್ಲ ಅವರ ಕೈಗೆ ಹೋಗುವುದಿಲ್ಲ. ತವರಿನ ಸಂಬಳದ ಮೇಲೆ ಮನೆ ಬಾಡಿಗೆ, ಮಕ್ಕಳ ಅಂತರರಾಷ್ಟ್ರೀಯ ಶಾಲೆಯ ಶುಲ್ಕ, ಕಾರು, ವರ್ಷಕ್ಕೊಮ್ಮೆ ಊರಿಗೆ ವಿಮಾನ, ಎಲ್ಲ ಸೇರುತ್ತದೆ. ಎಷ್ಟೋ ಕರಾರುಗಳಲ್ಲಿ ಇಲ್ಲಿನ ತೆರಿಗೆಯನ್ನೂ ಕಂಪನಿಯೇ ಕಟ್ಟುತ್ತದೆ. ಆದಾಯ 1 ಕೋಟಿ ದಾಟಿ 2 ಕೋಟಿಯೊಳಗಿದ್ದರೆ ಮೇಲಿನ ಹಂತದ ತೆರಿಗೆ, ಸರ್‌ಚಾರ್ಜ್, ಸೆಸ್ ಸೇರಿ ಶೇ. 35.88. ಅಂದರೆ ಆ ಹಂತದಲ್ಲಿ ಅವರ ಕೈಗೆ 100 ರೂಪಾಯಿ ಸೇರಬೇಕಾದರೆ ಕಂಪನಿಗೆ ಸುಮಾರು 156 ರೂಪಾಯಿ ಬೀಳುತ್ತದೆ.

ಆದರೂ ನಿಮ್ಮ ಅಸಮಾಧಾನ ಸುಳ್ಳಲ್ಲ. ಅವರ ಪ್ಯಾಕೇಜಿನೊಂದಿಗೆ ಹೋಲಿಸಿ ಸಂಬಳ ಕೇಳಿದರೆ "ಅದು ಬೇರೆ ಪಾಲಿಸಿ" ಎಂಬ ಉತ್ತರ ಸಿದ್ಧವಿರುತ್ತದೆ. ಹೆಡ್ ಆಫೀಸಿನಲ್ಲಿ ಅದೇ ದರ್ಜೆಯ ಹುದ್ದೆಯ ಹೊಣೆಯನ್ನು ನಿಮ್ಮ ಹೊಣೆಯ ಪಕ್ಕ ಇಟ್ಟು ಕೇಳಿ: ಎಷ್ಟು ಜನ, ಎಷ್ಟು ಬಜೆಟ್, ಯಾವ ತೀರ್ಮಾನಗಳು. ಆಗ ದರ್ಜೆ ಏರಿಸುವ ಮಾತು ಶುರುವಾಗುತ್ತದೆ, ಸಂಬಳ ಅದರ ಹಿಂದೆ ಬರುತ್ತದೆ.

"'ಮೂರು ವರ್ಷ ಆದ್ಮೇಲೆ ಈ ಸೀಟು ನಿಂದೇ' ಅಂದಿದ್ರು. ಈಗ ಇನ್ನೊಬ್ಬ ಎಕ್ಸ್‌ಪ್ಯಾಟ್ ಬರ್ತಿದ್ದಾರೆ"

ಬಾಯಿಮಾತಿನ ಭರವಸೆ ಕೊಟ್ಟವರೊಂದಿಗೇ ಹೊರಟುಹೋಗುತ್ತದೆ. ಅವಧಿ ಮುಗಿಯಲು 12 ತಿಂಗಳಿರುವಾಗಲೇ ಹೆಸರು ಹಾಕಿದ ಯೋಜನೆ ಬರೆಸಿಕೊಳ್ಳಿ. ಮೊದಲ ಆರು ತಿಂಗಳಲ್ಲಿ ತೀರ್ಮಾನಗಳು ಒಂದೊಂದಾಗಿ ನಿಮಗೆ ಬರಲಿ. ಕೊನೆಯ ಮೂರು ತಿಂಗಳು ಹೆಡ್ ಆಫೀಸಿನ ಮಾಸಿಕ ಪರಿಶೀಲನೆಯಲ್ಲಿ ನೀವೇ ಮಾತಾಡಿ, ಅವರು ಪಕ್ಕದಲ್ಲಿ ಕೂರಲಿ. ಮುಖ್ಯವಾದದ್ದು ಆ ಮೂರು ತಿಂಗಳೇ. ನಿಮ್ಮ ಕೆಲಸ ಗೊತ್ತಿದ್ದು ಮುಖ ಗೊತ್ತಿಲ್ಲದಿದ್ದರೆ, ಸೀಟು ತುಂಬುವ ಕೋಣೆಯಲ್ಲಿ ನಿಮ್ಮ ಹೆಸರು ಹೇಳುವವರು ಯಾರೂ ಇರುವುದಿಲ್ಲ.

## ಕಾಗದಪತ್ರ

"ಹೊಸ ಬಾಸ್ ಬರ್ತಿದ್ದಾರೆ. ವೀಸಾ, ರಿಜಿಸ್ಟ್ರೇಷನ್ ವಿಷಯದಲ್ಲಿ ಎಲ್ಲಿ ಎಡವಟ್ಟಾಗುತ್ತೆ?"

ಬಿಸಿನೆಸ್ ವೀಸಾದಲ್ಲಿ ಬಂದು ತಂಡ ನಡೆಸಲು ಕೂರುವುದು ಮೊದಲ ತಪ್ಪು. ಅದು ಮೀಟಿಂಗಿಗೆ, ಕೆಲಸಕ್ಕಲ್ಲ. ಎಂಪ್ಲಾಯ್‌ಮೆಂಟ್ ವೀಸಾಕ್ಕೆ ವಾರ್ಷಿಕ ಸಂಬಳ 16.25 ಲಕ್ಷ ರೂಪಾಯಿ ಮೀರಿರಬೇಕು ಎಂಬ ಕನಿಷ್ಠ ಮಿತಿ ಇದೆ, ಕರಾರಿನಲ್ಲಿ ರೂಪಾಯಿ ಲೆಕ್ಕ ಸ್ಪಷ್ಟವಾಗಿರಲಿ. 180 ದಿನ ಮೀರಿದ ವೀಸಾ ಇದ್ದರೆ ಬಂದ 14 ದಿನದೊಳಗೆ ನೋಂದಣಿಯಾಗಬೇಕು. ಅರ್ಜಿ ಆನ್‌ಲೈನ್, ಕರೆದರೆ ಮಾತ್ರ ಶಾಂತಿನಗರ ಬಸ್ ನಿಲ್ದಾಣದ ಕಟ್ಟಡದಲ್ಲಿರುವ, ವಿದೇಶಿಯರ ನೋಂದಣಿ ನೋಡುವ ಎಫ್‌ಆರ್‌ಆರ್‌ಒ ಕಚೇರಿಗೆ ಹೋಗಬೇಕು. ಮನೆ ಮಾಲೀಕರು 24 ಗಂಟೆಯೊಳಗೆ ಸಲ್ಲಿಸಬೇಕಾದ, ವಿದೇಶಿ ಬಾಡಿಗೆದಾರರ ಮಾಹಿತಿಯ ನಮೂನೆ (ಹಿಂದೆ ಫಾರ್ಮ್ ಸಿ ಎನ್ನುತ್ತಿದ್ದರು) ಮರೆತುಹೋಗುವುದೇ ಹೆಚ್ಚು. ಕೋರಮಂಗಲದ ಮಾಲೀಕರಿಗೆ ಅದು ಗೊತ್ತೇ ಇಲ್ಲದಿರಬಹುದು, ಬಾಡಿಗೆ ಕರಾರಿಗೆ ಸಹಿ ಹಾಕುವ ದಿನವೇ ಪಕ್ಕ ಕೂತು ಮಾಡಿಸಿ.

"ಅವರಿಗೂ ಪಿಎಫ್ ಕಟ್ಬೇಕಾ?"

2008ರ ಅಕ್ಟೋಬರಿನಿಂದ ವಿದೇಶಿ ನೌಕರರಿಗೂ ಪಿಎಫ್ ಇದೆ, ಇಲ್ಲಿನ ನೌಕರರಿಗಿರುವ 15,000 ರೂಪಾಯಿಯ ತಿಂಗಳ ಸಂಬಳದ ಮಿತಿ ಅವರಿಗೆ ಅನ್ವಯಿಸುವುದಿಲ್ಲ. ಪಿಎಫ್ ಲೆಕ್ಕಕ್ಕೆ ಬರುವ ಸಂಬಳ ತಿಂಗಳಿಗೆ 10 ಲಕ್ಷವಿದ್ದರೆ ಶೇ. 12ರಂತೆ ಎರಡೂ ಕಡೆ ಸೇರಿ 2.4 ಲಕ್ಷ. ಜರ್ಮನಿ, ಜಪಾನ್, ಫ್ರಾನ್ಸ್, ದಕ್ಷಿಣ ಕೊರಿಯಾದಂತೆ ಸಾಮಾಜಿಕ ಭದ್ರತಾ ಒಪ್ಪಂದವಿರುವ ದೇಶದಿಂದ ಬಂದವರು ತಮ್ಮ ದೇಶದ ಯೋಜನೆಯಲ್ಲೇ ಇದ್ದೇವೆ ಎಂದು ತೋರಿಸುವ ಕವರೇಜ್ ಪ್ರಮಾಣಪತ್ರ ತಂದರೆ ಇಲ್ಲಿ ಕಟ್ಟಬೇಕಿಲ್ಲ. ಬಂದ ಮೇಲೆ ತರಿಸಲು ಹೋದರೆ ತಿಂಗಳುಗಳೇ ಹಿಡಿಯುತ್ತವೆ, ವಿಮಾನ ಹತ್ತುವ ಮೊದಲೇ ತರಿಸಿ. ಅಮೆರಿಕದ ಜತೆ ಇಂಥ ಒಪ್ಪಂದವಿಲ್ಲ.

2024ರ ಏಪ್ರಿಲ್ 25ರಂದು ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ ಈ ವಿಶೇಷ ನಿಯಮವನ್ನೇ ಅಸಾಂವಿಧಾನಿಕ ಎಂದಿತು. ಅದನ್ನು ಓದಿ ನೀವಾಗಿ ಕಟ್ಟುವುದನ್ನು ನಿಲ್ಲಿಸಬೇಡಿ. ಮೇಲ್ಮನವಿ ಎಲ್ಲಿಗೆ ಬಂದಿದೆ ಎಂದು ವಕೀಲರನ್ನು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

"ಎಕ್ಸ್‌ಪ್ಯಾಟ್ ಸಂಬಳ ಅಲ್ಲಿ ಕೊಟ್ಟು ಇಲ್ಲಿಂದ ವಸೂಲಿ ಮಾಡಿದ್ರೆ ಜಿಎಸ್‌ಟಿ ಬರುತ್ತಂತೆ, ನಿಜಾನಾ?"

ಬರಬಹುದು. 2022ರ ಮೇ 19ರಂದು ಬೆಂಗಳೂರಿನದೇ ಕಂಪನಿಯೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹೀಗೆ ನೌಕರರನ್ನು ಕಳಿಸುವುದು ಮಾನವ ಸಂಪನ್ಮೂಲ ಪೂರೈಕೆಯ ಸೇವೆ, ಇಲ್ಲಿನ ಕಂಪನಿಯೇ ತೆರಿಗೆ ಕಟ್ಟಬೇಕು ಎಂದು ಹೇಳಿತು. ಅದು ಹಳೆಯ ಸೇವಾ ತೆರಿಗೆಯ ಕಾಲದ ಪ್ರಕರಣವಾದರೂ ಆಮೇಲೆ ಜಿಎಸ್‌ಟಿ ನೋಟಿಸುಗಳು ಸಾಲಾಗಿ ಬಂದವು. 2023ರ ಡಿಸೆಂಬರಿನಲ್ಲಿ ತೆರಿಗೆ ಮಂಡಳಿಯೇ, ಯಾಂತ್ರಿಕವಾಗಿ ಅನ್ವಯಿಸಬೇಡಿ, ಪ್ರತಿ ಕರಾರನ್ನೂ ಬಿಡಿಯಾಗಿ ನೋಡಿ ಎಂದಿತು.

ಆದ್ದರಿಂದ ಕರಾರೇ ಎಲ್ಲ. ಸಂಬಳ ಯಾರು ನಿಗದಿ ಮಾಡುತ್ತಾರೆ, ಯಾರು ತೆಗೆದುಹಾಕಬಹುದು, ದಿನದ ಕೆಲಸ ಯಾರು ಹೇಳುತ್ತಾರೆ, ಅವಧಿ ಮುಗಿದ ಮೇಲೆ ಎಲ್ಲಿಗೆ ಹೋಗುತ್ತಾರೆ. ಕಾಗದದಲ್ಲಿ "ಭಾರತದ ಕಂಪನಿಯ ನಿಯಂತ್ರಣದಲ್ಲಿ" ಎಂದು ಬರೆದು, ಮೌಲ್ಯಮಾಪನವನ್ನು ಮ್ಯೂನಿಕ್‌ನಲ್ಲಿ ಮಾಡಿದರೆ ಆ ಕಾಗದ ನಿಲ್ಲುವುದಿಲ್ಲ. ಎಕ್ಸ್‌ಪ್ಯಾಟ್ ನಿಜವಾಗಿ ಮಾತೃಸಂಸ್ಥೆಗಾಗಿ ಕೆಲಸ ಮಾಡುತ್ತಿದ್ದರೆ, ಆ ಸಂಸ್ಥೆಗೆ ಇಲ್ಲಿ ಕಾಯಂ ನೆಲೆಯಿದೆ, ಅದರ ಲಾಭಕ್ಕೆ ಇಲ್ಲೂ ತೆರಿಗೆ ಬೀಳಬೇಕು ಎಂದು ಆದಾಯ ತೆರಿಗೆ ಇಲಾಖೆಯೂ ವಾದಿಸಬಹುದು.

"ನಂಗೆ ಅಮೆರಿಕದ ಪೇರೆಂಟ್ ಕಂಪನಿ ಶೇರು ಕೊಟ್ಟಿದ್ದಾರೆ. ಟಿಡಿಎಸ್ ಹಿಡಿದಿದ್ದಾರಲ್ಲ, ಇನ್ನೇನು?"

ಇನ್ನೊಂದಿದೆ. ಶೇರು ಕೈಗೆ ಬಂದ ದಿನದ ಬೆಲೆಗೆ ಸಂಬಳದಂತೆ ತೆರಿಗೆ ಹಿಡಿದಿರುತ್ತಾರೆ, ಅದು ಸರಿ. ಆದರೆ ಆದಾಯ ತೆರಿಗೆಯ ಲೆಕ್ಕದಲ್ಲಿ ನೀವು ಭಾರತದ ಪೂರ್ಣ ನಿವಾಸಿಯಾದರೆ ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ಅದನ್ನು ತೋರಿಸಲೇಬೇಕು. ಒಂದನೇ ನಮೂನೆಯ ಸರಳ ರಿಟರ್ನ್ ನಡೆಯುವುದಿಲ್ಲ. ಆ ಪಟ್ಟಿಯ ಲೆಕ್ಕ ಏಪ್ರಿಲ್-ಮಾರ್ಚ್ ಅಲ್ಲ, ಜನವರಿ-ಡಿಸೆಂಬರ್. ಬಿಟ್ಟರೆ ಕಪ್ಪುಹಣ ಕಾನೂನಿನಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. 2024ರ ಅಕ್ಟೋಬರಿನಿಂದ, ಸ್ಥಿರಾಸ್ತಿ ಬಿಟ್ಟು ಒಟ್ಟು 20 ಲಕ್ಷದೊಳಗಿನ ವಿದೇಶಿ ಆಸ್ತಿಗೆ ಆ ದಂಡದಿಂದ ವಿನಾಯಿತಿ ಇದೆ, ತೋರಿಸುವುದರಿಂದ ಇಲ್ಲ.

"ನನ್ನನ್ನ ಡೈರೆಕ್ಟರ್ ಮಾಡ್ತೀವಿ ಅಂತಿದ್ದಾರೆ. ಖುಷಿ ಪಡ್ಲಾ, ಹೆದರ್ಲಾ?"

182 ದಿನದ ನಿಯಮ ತುಂಬಿಸಲು ಯಾರಾದರೂ ಬೇಕೆಂದು ಕರೆಯುತ್ತಿದ್ದಾರೋ, ನಿಜವಾದ ಅಧಿಕಾರ ಕೊಡುತ್ತಿದ್ದಾರೋ ಎಂದು ಮೊದಲು ನೋಡಿ. ಕಾರ್ಖಾನೆಯಿರುವ ಕಂಪನಿಯಾದರೆ ಇನ್ನೂ ಎಚ್ಚರ ಬೇಕು. ಕಾನೂನಿನ ಕಣ್ಣಿನಲ್ಲಿ ಕಾರ್ಖಾನೆಯ 'ಆಕ್ಯುಪೈಯರ್', ಅಂದರೆ ಅದರ ಅಂತಿಮ ಹೊಣೆ ಹೊತ್ತವರು, ನಿರ್ದೇಶಕರಲ್ಲೇ ಒಬ್ಬರು. ಅಪಘಾತವಾದರೆ ಮೊಕದ್ದಮೆ ಅವರ ಹೆಸರಿನಲ್ಲಿ. ಎಕ್ಸ್‌ಪ್ಯಾಟ್ ಆ ಹೊತ್ತಿಗೆ ಬೇರೆ ದೇಶದಲ್ಲಿರಬಹುದು, ಸಮನ್ಸ್ ಬರುವುದು ನಿಮ್ಮ ಮನೆಗೆ.

ಒಪ್ಪುವ ಮೊದಲು ಮೂರು ಕಾಗದ ಕೇಳಿ. ನಿರ್ದೇಶಕರ ಹೊಣೆಗಾರಿಕೆ ವಿಮೆ ನಿಮ್ಮನ್ನು ಹೆಸರು ಹಿಡಿದು ಒಳಗೊಂಡಿದೆಯೇ, ಕಂಪನಿ ಬಿಟ್ಟ ಮೇಲೂ ಹಳೆಯ ಘಟನೆಗಳಿಗೆ ನಡೆಯುತ್ತದೆಯೇ. ಮಾತೃಸಂಸ್ಥೆಯಿಂದ ನಷ್ಟಭರ್ತಿಯ ಪತ್ರ. ಮೂರನೆಯದು ಸುರಕ್ಷತಾ ಖರ್ಚಿನ ಅಧಿಕಾರ: ಬೆಂಕಿ ನಂದಿಸುವ ಪಂಪ್ ಕೆಟ್ಟರೆ, ಪ್ರೆಸ್ಸಿನ ಗಾರ್ಡ್ ಮುರಿದರೆ, ಯಾರನ್ನೂ ಕೇಳದೆ ಅದೇ ದಿನ ನೀವು ಖರ್ಚು ಮಾಡಬಹುದಾದ ಮೊತ್ತ ಎಷ್ಟು, ಲೈನ್ ನಿಲ್ಲಿಸುವ ಹಕ್ಕು ಇದೆಯೇ. ಆ ಮೊತ್ತ ಬೋರ್ಡ್ ನಿರ್ಣಯದಲ್ಲಿ ರೂಪಾಯಿಯಲ್ಲಿ ಬರೆದು ಬರುವವರೆಗೆ ಒಪ್ಪಿಗೆಯ ನಮೂನೆಗೆ ಸಹಿ ಹಾಕಬೇಡಿ.